ಕಂಬಳಿ ಗದ್ದಿಗೆ, ಒಂಬತ್ತು ಸೂಜಿ

ನಮ್ಮಪ್ಪ ಮನುಷ್ಯರ ಮೇಲೆ ಕೈ ಮಾಡಲು ಹಿಂದುಮುಂದು ನೋಡುತ್ತಿರಲಿಲ್ಲ. ಯಂತ್ರದ ಮೇಲೆ ಮಾತ್ರ ಎಂದೂ ಕೈ ಎತ್ತಿದವನಲ್ಲ. ಚಳ್ಳಕೆರೆಯ ನಮ್ಮ ಎಣ್ಣೆ ಮಿಲ್ಲಿನಲ್ಲಿ ಬೆಲ್ಟು ಹರಿದರೆ ಅದನ್ನು ಮಗುವಿನ ಮೈ ಸವರಿದ ಹಾಗೆ ಸವರಿ ನೋಡುತ್ತಿದ್ದ. ಅದನ್ನು ಜೋಡಿಸಲು ತಡ ಮಾಡಿದವನ ಕಪಾಳಕ್ಕೆ ಬಾರಿಸುತ್ತಿದ್ದ. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಬಾಯಲ್ಲಿ ಶಿವನಾಮ, ಕೈಯಲ್ಲಿ ಚಪ್ಪಲಿ. ನಾನು ಕಣ್ಣು ಬಿಟ್ಟಾಗಿನಿಂದ ನೋಡಿದ ಅಪ್ಪ ಇವನೇ. ನನ್ನ ಸಿಟ್ಟೂ ಅವನಿಂದಲೇ ಬಂದದ್ದು, ಮೂಗಿನ ತುದಿಯಲ್ಲೇ ಇರುತ್ತದೆ. ಕಂಪ್ಯೂಟರ್ ಕಲಿಯಲು ಚಿತ್ರದುರ್ಗಕ್ಕೆ ಹೋಗಿ ಬರುತ್ತಿದ್ದಾಗ ಬಸ್ಸಿನಲ್ಲಿ ಮೈಗೆ ಮೈ ಒತ್ತಿದ ಒಬ್ಬ ದೊಡ್ಡ ಮನುಷ್ಯನ ಮೂಗಿಗೆ ಟಿಫಿನ್ ಡಬ್ಬಿಯಿಂದ ಗುದ್ದಿ ರಕ್ತ ಬರಿಸಿದ್ದೆ. ಅವ್ವ ಹೆದರಿ, ನಾಳೆಯಿಂದ ಹೋಗಲೇಬೇಡ ಎಂದಳು. ಅಪ್ಪ ಸೊಟ್ಟಗಾದ ಡಬ್ಬಿಯನ್ನು ತಿರುಗಿಸಿ ನೋಡಿ, ಮಾರನೆಯ ದಿನ ಅದಕ್ಕಿಂತ ಗಟ್ಟಿಯಾದ ಇನ್ನೊಂದು ಕೊಡಿಸಿದ.

ನಮ್ಮ ಅಂಗಳದಲ್ಲಿ ಹೊಡೆದಾಟಕ್ಕೆ ಬೇರೆ ಕಾರಣ ಬೇಕಿರಲಿಲ್ಲ, ಕಾಟಾ ಇತ್ತು. ಕಾಟಾ ಎಂದರೆ ತುಂಬಿದ ಲಾರಿಯನ್ನೇ ಹತ್ತಿಸಿ ತೂಗುವ ಕಬ್ಬಿಣದ ಹಾಸು. ಮೊದಲಿನದು ದಂಡಿಗೆಯ ಕಾಟಾ. ಪಕ್ಕದ ಕೋಣೆಯಲ್ಲಿ ಒಬ್ಬ ಕೂತು ದಂಡಿಗೆಯ ಮೇಲೆ ಗುಂಡು ಸರಿಸುತ್ತಿದ್ದ, ಶೇಂಗಾ ತಂದವರು ಕಿಟಕಿಗೆ ಮುಖ ಒತ್ತಿ ಅವನ ಬೆರಳನ್ನೇ ನೋಡುತ್ತಿದ್ದರು. ಬೆರಳು ಒಂದು ಗೆರೆ ಆಚೀಚೆ ಆಯಿತೋ ಮುಗಿಯಿತು. ಮೊದಲು ಒಬ್ಬರ ತಾಯಿಯನ್ನು ಇನ್ನೊಬ್ಬರು ಬೀದಿಗೆ ಎಳೆಯುತ್ತಿದ್ದರು, ಆಮೇಲೆ ಅಂಗಿ ಹರಿಯುತ್ತಿತ್ತು, ಆಮೇಲೆ ರಕ್ತ. ಒಬ್ಬ ವ್ಯಾಪಾರಿಯಂತೂ ಗುಂಡು ಸರಿಸುವವನ ಕಿವಿಯನ್ನು ಕಚ್ಚಿಯೇ ಬಿಟ್ಟ. ಕಿವಿಯ ತುದಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಮಿಲ್ಲಿನ ನಾಯಿ ತಿಂದಿರಬೇಕು ಎಂದು ಹಮಾಲರು ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದರು. ಅವರ ಜೊತೆ ನಾನೂ ನಕ್ಕಿದ್ದೇನೆ. ದಿನಾ ಹೊಡೆತ ನೋಡುತ್ತ ಬೆಳೆದವರಿಗೆ ಅದರಲ್ಲಿ ವಿಶೇಷ ಕಾಣುವುದಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಪ್ಪ ದಂಡಿಗೆ ಕಿತ್ತು ಎಲೆಕ್ಟ್ರಾನಿಕ್ ಕಾಟಾ ಹಾಕಿಸಿದ. ಕಾಟಾದ ಕೋಣೆಯಲ್ಲಿ ಈಗ ಒಂದು ಡಬ್ಬ, ಡಬ್ಬದ ಮುಖದಲ್ಲಿ ಉರಿಯುವ ಕೆಂಪು ಅಂಕಿ. ಇನ್ನಾದರೂ ಜಗಳ ನಿಲ್ಲುತ್ತದೆ ಎಂದುಕೊಂಡಿದ್ದ, ಪಾಪ. ಲಾರಿ ಹತ್ತಿದ ಕೂಡಲೇ ಅಂಕಿ ಕುಣಿಯುತ್ತಿತ್ತು, ನೆಲೆಗೆ ನಿಲ್ಲಲು ಒಂದು ಗಳಿಗೆ ಬೇಕು. ಅಷ್ಟರಲ್ಲಿ ಕಿಟಕಿಯಲ್ಲಿದ್ದವರು ಕುಣಿಯುವಾಗಿನ ದೊಡ್ಡ ಅಂಕಿ ಹಿಡಿದು ಅದೇ ನಮ್ಮ ತೂಕ ಎನ್ನುತ್ತಿದ್ದರು, ನಮ್ಮ ಕಡೆಯವರು ಸಣ್ಣದನ್ನು ಹಿಡಿಯುತ್ತಿದ್ದರು. ಒಮ್ಮೆ ಕಿಟಕಿಯ ಗಾಜಿನೊಳಗೆ ಒಬ್ಬನ ತಲೆಯನ್ನೇ ತೂರಿಸಿದರು. ಅವನ ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಅಪ್ಪನಿಗೆ ರೋಸಿಹೋಯಿತು. ಆ ಡಬ್ಬಕ್ಕೆ ತೇಗದ ಬೀರು ಮಾಡಿಸಿ, ಒಳಗಿಟ್ಟು, ಬೀಗ ಜಡಿದು, ಕೀಲಿಯನ್ನು ಉಡುದಾರಕ್ಕೆ ಕಟ್ಟಿಕೊಂಡ. ಅಂಗಳದ ಆಚೆ ಬದಿಯ ಆಫೀಸಿನಲ್ಲಿ ಕಂಪ್ಯೂಟರ್ ಕೂರಿಸಿ, ಡಬ್ಬದಿಂದ ಅಲ್ಲಿಗೆ ತಂತಿ ಎಳೆಸಿದ. ಇನ್ನು ಯಾರೂ ಕೆಂಪು ಅಂಕಿ ನೋಡುವಂತಿಲ್ಲ, ಕಂಪ್ಯೂಟರಿನಿಂದ ಕಾಗದದಲ್ಲಿ ಬಂದದ್ದೇ ತೂಕ. ಅದರ ಮುಂದೆ ಕೂರುವ ಕೆಲಸ ನನ್ನದಾಯಿತು.

ತಂತಿ ಹಾಕಲು ದಾವಣಗೆರೆಯಿಂದ ಒಬ್ಬ ಫಿಟ್ಟರ್ ಬಂದಿದ್ದ. ಅದರ ಹೆಸರು ಸೀರಿಯಲ್ ಕೇಬಲ್ ಎಂದು ಹೇಳಿಕೊಟ್ಟವನು ಅವನೇ. ಡಬ್ಬದ ಕಡೆ ಇಪ್ಪತ್ತೈದು ಸೂಜಿಯ ಅಗಲವಾದ ಪ್ಲಗ್ಗು. ಕಂಪ್ಯೂಟರಿನ ಬೆನ್ನಿನಲ್ಲಿ ಒಂಬತ್ತು ಸೂಜಿಯ ಸಣ್ಣ ಕಿಂಡಿ. ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು, ತಲೆಕೆಳಗಾಗಿ ಹಾಕಲು ಬರುವುದೇ ಇಲ್ಲ. ಇಷ್ಟೊಂದು ಸೂಜಿ ಯಾಕೆ ಎಂದು ಕೇಳಿದೆ. ನಮ್ಮ ಕೆಲಸಕ್ಕೆ ಬೇಕಾದದ್ದು ಮೂರೇ, ಹೇಳುವುದಕ್ಕೊಂದು, ಕೇಳುವುದಕ್ಕೊಂದು, ಅರ್ತ್ ಎನ್ನುವ ನೆಲಕ್ಕೊಂದು, ಉಳಿದವೆಲ್ಲ ಮದುವೆಗೆ ಬಂದ ನೆಂಟರು ಎಂದ. ಒಂದು ಅಂಕಿ ಇಡಿಯಾಗಿ ಹೋಗುವುದಿಲ್ಲವಂತೆ. ಹೌದು, ಇಲ್ಲ, ಹೌದು, ಇಲ್ಲ ಎನ್ನುವ ಸಣ್ಣ ಸಣ್ಣ ಸನ್ನೆಗಳಾಗಿ, ಒಂದರ ಹಿಂದೆ ಒಂದು, ಒಂದೇ ತಂತಿಯಲ್ಲಿ ಸಾಲಾಗಿ ಹೋಗುತ್ತದಂತೆ. ಪ್ರತಿ ಅಂಕಿಯ ಬಾಲಕ್ಕೆ ಒಂದು ಸಾಕ್ಷಿಯ ಸನ್ನೆ ಸೇರಿಸಬಹುದು, ಆಗ ದಾರಿಯಲ್ಲಿ ಏನಾದರೂ ಬಿದ್ದುಹೋದರೆ ಕಂಪ್ಯೂಟರಿಗೆ ಗೊತ್ತಾಗುತ್ತದೆ ಎಂದೂ ಹೇಳಿದ. ಹೇಳಿದವನು, ಇಷ್ಟು ಹತ್ತಿರಕ್ಕೆ ಅದೆಲ್ಲ ಯಾಕೆ ಎಂದು, ಸಾಕ್ಷಿ ಬೇಡ ಎಂದೇ ಎರಡೂ ಕಡೆ ಗುರುತು ಹಾಕಿ ಹೋದ.

ಕಂಪ್ಯೂಟರನ್ನು ಅಪ್ಪ ಬರೀ ಮೇಜಿನ ಮೇಲೆ ಇಡಲಿಲ್ಲ. ನಮ್ಮ ಕಡೆ ನ್ಯಾಯ ಪಂಚಾಯ್ತಿ ಕೂರುವುದು ಕರಿ ಕಂಬಳಿಯ ಗದ್ದಿಗೆಯ ಮೇಲೆ. ಕಂಬಳಿ ಹಾಸಿ ಕೂತ ಮೇಲೆ ಅದರ ಮೇಲಿಂದ ಸುಳ್ಳು ಬರಬಾರದು, ಬಂದರೆ ಮನೆತನ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಅಪ್ಪ ನಮ್ಮೂರ ಸಂತೆಯಲ್ಲಿ ಎರಡು ಹೊಸ ಕಂಬಳಿ ಆರಿಸಿ ತಂದ, ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಒರಟು ಕುರಿ ಉಣ್ಣೆಯವು. ಒಂದನ್ನು ಮಡಿಸಿ ಗದ್ದಿಗೆ ಹಾಕಿ ಅದರ ಮೇಲೆ ಕಂಪ್ಯೂಟರ್ ಕೂರಿಸಿದ. ಇನ್ನೊಂದನ್ನು ಧೂಳಿಗೆ ಅಡ್ಡವಾಗಿ ಮೇಲೆ ಹೊದಿಸಿದ. ಇನ್ನು ಯಾವನು ಇದರ ಮಾತಿಗೆ ಎದುರಾಡುತ್ತಾನೋ ನೋಡೋಣ ಎಂದು ಮೀಸೆಯ ಮೇಲೆ ಕೈ ಆಡಿಸಿದ. ನಿಜ ಹೇಳಬೇಕೆಂದರೆ, ಯಾರೂ ಎದುರಾಡಲಿಲ್ಲ. ಶೇಂಗಾ ತಂದವರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು, ಚೀಟಿ ಇಸಿದುಕೊಂಡು, ಗದ್ದಿಗೆಗೆ ಕೈ ಮುಗಿದು ಹೋಗುತ್ತಿದ್ದರು. ಅಂಗಳದಲ್ಲಿ ಹೊಡೆದಾಟ ನಿಂತೇಹೋಯಿತು. ನನಗೆ ಒಳಗೊಳಗೇ ನಗು, ಆದರೂ ಹೇಳಿಕೊಳ್ಳಲಾಗದ ಹೆಮ್ಮೆ.

ಹಿಂದಿನ ಮಳೆಗಾಲದಲ್ಲಿ ಪಕ್ಕದ ಮಿಲ್ಲಿಗೆ ಸಿಡಿಲು ಬಡಿದು ಫೋನು ಸುಟ್ಟುಹೋಗಿತ್ತು. ಆ ಭಯಕ್ಕೆ ಅಪ್ಪ ದಿನಾ ಸಂಜೆ ಆ ಒಂಬತ್ತು ಸೂಜಿಯ ಕಿಂಡಿಯಿಂದ ಕೇಬಲ್ ಕೀಳುತ್ತಿದ್ದ, ಬೆಳಗ್ಗೆ ಹಾಕುತ್ತಿದ್ದ. ಆ ಕೆಲಸ ನನಗೂ ಬಿಡುತ್ತಿರಲಿಲ್ಲ. ಸ್ನಾನ, ಪೂಜೆ ಮುಗಿಸಿ ಬಂದು, ಹೊದಿಸಿದ ಕಂಬಳಿಯನ್ನು ಜಗ್ಗಿ ತೆಗೆದು, ಕೈಯಿಂದ ತಡವಿ ಕಿಂಡಿ ಹುಡುಕಿ, ಕೇಬಲ್ ಚುಚ್ಚಿ, ಆಮೇಲೆ ಊದುಬತ್ತಿ. ಸಂಕ್ರಾಂತಿ ಕಳೆದು ಒಣಗಾಳಿ ಶುರುವಾದ ಮೇಲೆ ಕಂಬಳಿ ಜಗ್ಗಿದಾಗಲೆಲ್ಲ ಚಟಚಟ ಸದ್ದು ಬರುತ್ತಿತ್ತು, ಅಪ್ಪನ ಕೈ ಕೂದಲು ನೆಟ್ಟಗೆ ನಿಲ್ಲುತ್ತಿತ್ತು, ಬೆರಳು ಸೂಜಿಗೆ ತಾಗಿದ ಕೂಡಲೇ ನೀಲಿ ಕಿಡಿ ಹಾರುತ್ತಿತ್ತು. ಅವ್ವ ಅದನ್ನು ಒಮ್ಮೆ ನೋಡಿ ಕೆನ್ನೆ ಬಡಿದುಕೊಂಡಳು. ಅದರಲ್ಲಿ ಶಕ್ತಿ ಐತೆ ಎಂದಳು. ಅಪ್ಪ ಅದಕ್ಕೆ ತಲೆದೂಗಿದ.

ಒಣಗಾಳಿಯ ಜೊತೆಗೇ ತೂಕ ಕಡಿಮೆ ಬರಲು ಶುರುವಾಯಿತು. ಮೊಳಕಾಲ್ಮೂರು, ರಾಂಪುರದ ಕಡೆಯಿಂದ ಬರುವ ಲಾರಿಗಳು ಅಲ್ಲಿ ತೂಗಿಸಿದ್ದಕ್ಕಿಂತ ನಮ್ಮಲ್ಲಿ ಕಡಿಮೆ ತೂಗುತ್ತಿದ್ದವು. ಎಲ್ಲವೂ ಅಲ್ಲ, ನಡುನಡುವೆ ಒಂದೊಂದು. ಚೀಲ ಎಣಿಸಿದರೆ ಸರಿ ಇರುತ್ತಿತ್ತು. ಹಾಗಾದರೆ ಚೀಲದೊಳಗಿಂದ ಹೋಗುತ್ತಿದೆ ಎಂದು ಅಪ್ಪ ತೀರ್ಮಾನ ಮಾಡಿದ. ಮಂಡಿಯಲ್ಲಿ ಕಾಳಿನ ಮಾದರಿ ತೆಗೆಯಲು ಚೀಲಕ್ಕೆ ಚುಚ್ಚುವ ಚೂಪು ಕಬ್ಬಿಣದ ಕೊಳವೆ ಇರುತ್ತದೆ. ಹೊಲಿಗೆ ಬಿಚ್ಚದೆ ಅದರಿಂದಲೇ ಪ್ರತಿ ಚೀಲದಿಂದಲೂ ಒಂದಿಷ್ಟು ಎಳೆಯಬಹುದು. ತೂಗುವ ಸರದಿಗೆ ಲಾರಿಗಳು ರಾತ್ರಿಯೆಲ್ಲ ನಮ್ಮ ಗೇಟಿನಲ್ಲೇ ಕಾಯುತ್ತಿದ್ದರಿಂದ ಮೊದಲು ಅವನ ಅನುಮಾನ ನಮ್ಮ ಹಮಾಲರ ಮೇಲೆ ಬಿತ್ತು. ಹಮಾಲರ ಮೇಸ್ತ್ರಿ ದೊಡ್ಡ ಆಳು, ಕ್ವಿಂಟಲ್ ಚೀಲವನ್ನು ಒಂದೇ ಹೆಗಲ ಮೇಲೆ ಹೊರುವವನು. ಅಪ್ಪನಿಗಿಂತ ವಯಸ್ಸಿನಲ್ಲಿ ದೊಡ್ಡವನು. ಅವನನ್ನು ಅವನ ಆಳುಗಳ ಎದುರಿಗೇ ನಿಲ್ಲಿಸಿ ಅಪ್ಪ ಎರಡೂ ಕೆನ್ನೆಗೆ ಚಪ್ಪಲಿಯಿಂದ ಹೊಡೆದ. ಮೇಸ್ತ್ರಿ ಕಣ್ಣು ಕೂಡ ಮಿಟುಕಿಸಲಿಲ್ಲ. ಕಳ್ಳ ಸಿಕ್ಕಲಿ ಧಣಿ, ಅವನ ಕೈ ನಾನೇ ಮುರೀತೀನಿ ಎಂದಷ್ಟೇ ಹೇಳಿ ತಿರುಗಿದ. ಮುರಿ ಎಂದ ಅಪ್ಪ.

ನಿಜವಾಗಿ ಏನಾಗಿತ್ತು ಎಂಬುದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ, ಅದೇ ಫಿಟ್ಟರ್ ಬಂದು ಕಂಪ್ಯೂಟರ್ ಬಿಚ್ಚಿದಾಗ. ಈಗಲೇ ಹೇಳಿಬಿಡುತ್ತೇನೆ, ಇಟ್ಟುಕೊಂಡು ಆಟ ಆಡಿಸುವ ವಿಷಯ ಅಲ್ಲ ಇದು. ಒಣಗಿದ ಗಾಳಿಯಲ್ಲಿ ಉಣ್ಣೆ ಜಗ್ಗಿದರೆ ಮೈಗೆ ವಿದ್ಯುತ್ ತುಂಬಿಕೊಳ್ಳುತ್ತದೆ. ಅಪ್ಪ ಅದನ್ನು ತುಂಬಿಕೊಂಡು ಹೋಗಿ ನೆಟ್ಟಗೆ ಆ ಒಂಬತ್ತು ಸೂಜಿಗೆ ಇಳಿಸುತ್ತಿದ್ದ. ಒಳಗೆ ಡಬ್ಬದ ಮಾತು ಕೇಳಿಸಿಕೊಳ್ಳುವ, ಚಿಪ್ ಎನ್ನುವ ಒಂದು ಬಿಲ್ಲೆ ಇರುತ್ತದಲ್ಲ, ಅದು ದಿನಾ ಪೆಟ್ಟು ತಿಂದು ಅರೆಜೀವವಾಗಿತ್ತು. ಪೂರ್ತಿ ಸತ್ತಿದ್ದರೆ ಒಳ್ಳೆಯದಿತ್ತು, ಪರದೆ ಖಾಲಿ ಬರುತ್ತಿತ್ತು, ನಮಗೂ ತಿಳಿಯುತ್ತಿತ್ತು. ಅರೆಜೀವದ್ದು ಅರ್ಧ ಕೇಳಿಸಿಕೊಳ್ಳುತ್ತದೆ. ಎರಡು ಇಲ್ಲಗಳ ನಡುವೆ ಒಂಟಿಯಾಗಿ ಒಂದು ಹೌದು ಬಂದರೆ ಅದನ್ನು ಆಗಾಗ ನುಂಗುತ್ತಿತ್ತು. ನಾಲ್ಕಕ್ಕೂ ಸೊನ್ನೆಗೂ ಇರುವ ವ್ಯತ್ಯಾಸ ಅಂಥ ಒಂದು ಒಂಟಿ ಹೌದು ಮಾತ್ರ. ಒಂದಕ್ಕೂ ಸೊನ್ನೆಗೂ ಅಷ್ಟೇ. ಹಾಗಾಗಿ ಅಂಕಿ ಕಡಿಮೆಯಾಗುತ್ತಿತ್ತೇ ಹೊರತು ಒಮ್ಮೆಯೂ ಹೆಚ್ಚಾಗಲಿಲ್ಲ. ಒಂದೇ ಒಂದು ಸಲ ಹೆಚ್ಚಿಗೆ ತೋರಿಸಿದ್ದರೂ ಅಪ್ಪ ಯಂತ್ರ ಕೆಟ್ಟಿದೆ ಎನ್ನುತ್ತಿದ್ದ. ಕಡಿಮೆ ತೋರಿಸಿದ್ದಕ್ಕೆ ಕಳ್ಳನನ್ನು ಹುಡುಕಿದ.

ಸಿಕ್ಕಿಬಿದ್ದವನು ಮೊಳಕಾಲ್ಮೂರು ಹತ್ತಿರದ ಸಿದ್ದಾಪುರದ ಕಡೆಯ ಒಬ್ಬ ಲಾರಿ ಡ್ರೈವರ್. ತೆಳ್ಳಗಿನ ಮನುಷ್ಯ, ಕನ್ನಡದಲ್ಲಿ ಶುರು ಮಾಡಿದ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು. ನನ್ನನ್ನು ಅಮ್ಮಾಯಿ ಎಂದು ಕರೆಯುತ್ತಿದ್ದ. ಊರಿನ ಬಂಡೆಗುಡ್ಡದಿಂದ ಟವೆಲಿನಲ್ಲಿ ಎಲಚಿ ಹಣ್ಣು ಕಟ್ಟಿಕೊಂಡು ಬಂದು, ಕಂಪ್ಯೂಟರಿಗೆ ನೈವೇದ್ಯ, ನೀನು ತಿನ್ನು ಎಂದು ನನ್ನ ಮೇಜಿನ ಮೇಲೆ ಸುರಿದು ಹೋಗುತ್ತಿದ್ದ. ಬಹಳ ವರ್ಷ ಬೇರೆಯವರ ಲಾರಿಯಲ್ಲಿ ಕ್ಲೀನರ್ ಆಗಿ ಟಯರ್ ತೊಳೆದವನಿಗೆ ಆಗಷ್ಟೇ ಸ್ಟೀರಿಂಗ್ ಸಿಕ್ಕಿತ್ತು. ಗೇರ್ ಹಾಕುವ ಕೈ ಎಂದು ಎಡಗೈಗೆ ಮಂತ್ರಿಸಿದ ಕರಿದಾರ ಕಟ್ಟಿಸಿಕೊಂಡಿದ್ದ. ಅದನ್ನು ಎಲ್ಲರಿಗೂ ಎತ್ತಿ ತೋರಿಸುತ್ತಿದ್ದ.

ಅವತ್ತು ಮಧ್ಯಾಹ್ನ ಧೂಳಿನ ಗಾಳಿ ಎದ್ದಿತ್ತು, ಕಣ್ಣು ಬಿಡಲು ಆಗುತ್ತಿರಲಿಲ್ಲ. ಅವನು ರಾಂಪುರದಿಂದ ಶೇಂಗಾ ಹೇರಿಕೊಂಡು ಬಂದು ಕಾಟಾದ ಮೇಲೆ ಲಾರಿ ನಿಲ್ಲಿಸಿ ಆಫೀಸಿಗೆ ಬಂದ. ಅಲ್ಲಿಯ ಕಾಟಾದಲ್ಲಿ ಲಾರಿ ಸಮೇತ ಹದಿಮೂರು ಸಾವಿರದ ನಾನೂರ ಅರವತ್ತು ಕಿಲೋ ತೂಗಿತ್ತು. ನಾನು ಗುಂಡಿ ಒತ್ತಿದೆ. ಹದಿಮೂರು ಸಾವಿರದ ಅರವತ್ತು ಎಂದು ಬಂತು. ನಾಲ್ಕು ಕ್ವಿಂಟಲ್ ಇಲ್ಲ. ಇಷ್ಟೊಂದು ದೊಡ್ಡ ಕೊರತೆ ಹಿಂದೆ ಎಂದೂ ಬಂದಿರಲಿಲ್ಲ. ಕಾಗದವನ್ನು ಮುಚ್ಚಿಟ್ಟುಕೊಳ್ಳೋಣ ಎನ್ನಿಸಿತು, ಆದರೆ ಅಪ್ಪ ನನ್ನ ಹೆಗಲ ಹಿಂದೆಯೇ ನಿಂತಿದ್ದ.

ಅಪ್ಪ ಡ್ರೈವರನ ಕುತ್ತಿಗೆ ಹಿಂದೆ ಕೈ ಹಾಕಿ ಅವನ ಮುಖವನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಅಂಗಿ ಹಿಡಿದು ಅಂಗಳಕ್ಕೆ ಎಳೆದು ಮೇಸ್ತ್ರಿಯ ಕಾಲ ಬುಡಕ್ಕೆ ನೂಕಿದ. ಇಷ್ಟು ದಿನ ಕಳ್ಳರು ಅನ್ನಿಸಿಕೊಂಡಿದ್ದ ಹಮಾಲರು ಚೀಲ ಬಿಸಾಡಿ ಓಡಿಬಂದರು. ಯಾರ ಕೈಯಲ್ಲಿ ಏನಿತ್ತೋ ಅದರಿಂದ ಹೊಡೆದರು, ಚೀಲ ಎಳೆಯುವ ಕೊಕ್ಕೆಯಿಂದ, ಮೂಟೆ ಕಟ್ಟುವ ಹಗ್ಗದಿಂದ, ಬರೀ ಮುಷ್ಟಿಯಿಂದ. ಅವನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡರೆ ಪಕ್ಕೆಗೆ ಒದ್ದರು, ಪಕ್ಕೆ ಹಿಡಿದುಕೊಂಡರೆ ತಲೆಗೆ. ದೊರಾ, ನಾನು ಮುಟ್ಟಿಲ್ಲ, ದೇವುಡು ಸಾಕ್ಷಿ ಎನ್ನುತ್ತಲೇ ಇದ್ದ. ಬಾಯಿ ತುಂಬ ರಕ್ತ ತುಂಬಿ ಮಾತು ಗುಳುಗುಳು ಎನ್ನುತ್ತಿತ್ತು. ಕೊನೆಗೆ ತೆವಳಿಕೊಂಡು ಆಫೀಸಿನ ಮೆಟ್ಟಿಲಿಗೆ ಬಂದು ನನ್ನ ಕಡೆ ನೋಡಿದ.

"ಅಮ್ಮಾಯಿ, ಇನ್ನೊಂದು ಸಲ ತೂಗಮ್ಮಾ."

ತೂಗು ಎಂದ ಅಪ್ಪ, ಕಳ್ಳನ ಆಸೆ ಯಾಕೆ ಉಳಿಯಬೇಕು. ನಾನು ಒಳಗೋಡಿ ಗುಂಡಿ ಒತ್ತಿದೆ. ಮೂರು ಸಾವಿರದ ಅರವತ್ತು. ಖಾಲಿ ಲಾರಿಯೇ ಐದು ಸಾವಿರ ಕಿಲೋ ತೂಗುತ್ತದೆ, ಅದು ಗೊತ್ತಿಲ್ಲದವರು ನಮ್ಮ ಅಂಗಳದಲ್ಲಿ ಒಬ್ಬರೂ ಇರಲಿಲ್ಲ. ಕಾಗದ ಹರಿದುಕೊಂಡು ಹೊರಗೆ ಬಂದು ಅಪ್ಪನ ಮುಖಕ್ಕೇ ಹಿಡಿದೆ. ಚೀಲ ಯಾರೂ ಮುಟ್ಟಿಲ್ಲ, ಲಾರಿ ನಿಂತಲ್ಲೇ ಐತೆ, ಎರಡು ಸಲಕ್ಕೆ ಎರಡು ತೂಕ ಹೆಂಗೆ ಬರ್ತೈತೆ, ಯಂತ್ರ ಕೆಟ್ಟೈತೆ, ಬೀರಿನ ಕೀಲಿ ಕೊಡು ಎಂದೆ. ಅಪ್ಪ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ನೋಡಿದವನು ನಕ್ಕ. ಪ್ರಿಂಟರ್ ಮುಂದಿನ ಒಂದಂಕಿ ನುಂಗಿದೆ ಅಷ್ಟೇ, ಉಳಿದದ್ದು ಅದೇ ಬಂದಿದೆಯಲ್ಲ ಎಂದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕೂಗಿದ.

"ಕಂಬಳಿ ಮೇಲೆ ಕುಂತಿರೋದು ಸುಳ್ಳಾಡ್ತೈತೇನಲೇ?"

ಅದು ಕೇಳಿದ್ದೇ ತಡ, ನನಗೆ ಯಾವ ಪರಿ ಸಿಟ್ಟು ಬಂತೆಂದರೆ ಕಣ್ಣಿಗೆ ಕತ್ತಲೆ ಕವಿಯಿತು. ಅಪ್ಪನ ಸೊಂಟಕ್ಕೆ ಕೈ ಹಾಕಿ ಕೀಲಿ ಕಿತ್ತುಕೊಳ್ಳಲು ಹೋದೆ, ಅವನು ನನ್ನ ಜಡೆ ಹಿಡಿದು ಆಚೆ ಎಸೆದ. ಮೊಣಕೈ ತರಚಿತು. ಎದ್ದು ಕಾಟಾದ ಕೋಣೆಗೆ ಓಡಿದೆ. ಹಳೆಯ ದಂಡಿಗೆಯ ಕಾಲದ ಐದು ಕಿಲೋ ಕಬ್ಬಿಣದ ಗುಂಡೊಂದನ್ನು ಬಾಗಿಲಿಗೆ ಒತ್ತಾಗಿ ಇಟ್ಟಿದ್ದರು. ಅದನ್ನು ಎರಡೂ ಕೈಯಿಂದ ಎತ್ತಿ ಬೀರಿನ ಬೀಗಕ್ಕೆ ಹೊಡೆದೆ. ಬೀಗ ಜಗ್ಗಲಿಲ್ಲ. ಅಪ್ಪ ಏನು ಮಾಡಿಸಿದರೂ ಗಟ್ಟಿಯಾಗೇ ಮಾಡಿಸುತ್ತಿದ್ದ, ಅವನ ವಂಶ ಹಾಳಾಗಲಿ ಎಂದು ಬೈಯುತ್ತ ಹೊಡೆದೆ, ಆ ವಂಶದಲ್ಲಿ ನಾನೂ ಇದ್ದೇನೆ ಎಂಬ ಎಚ್ಚರವಿಲ್ಲದೆ. ಆಮೇಲೆ ಬೀಗ ಬಿಟ್ಟು ಹಲಗೆಗೆ ಹೊಡೆದೆ. ತೇಗ ಸೀಳಿತು. ಒಡೆದ ಹಲಗೆಯೊಳಗೆ ಕೈ ತೂರಿಸಿ ಎಳೆದೆ, ಚಕ್ಕೆ ಅಂಗೈಗೆ ಹೊಕ್ಕಿತು.

ಒಳಗೆ ಕತ್ತಲೆಯಲ್ಲಿ ಕೆಂಪು ಅಂಕಿ ಉರಿಯುತ್ತಿತ್ತು. ಹದಿಮೂರು ಸಾವಿರದ ನಾನೂರ ಅರವತ್ತು. ಅಲುಗಾಡದೆ ನಿಂತಿತ್ತು.

ನಿಲ್ಲಿಸ್ರೋ ಎಂದು ಅರಚಿಕೊಂಡು ಹೊರಗೆ ಬಂದೆ. ಗಾಳಿಗೆ ನನ್ನ ದನಿ ನನಗೇ ಕೇಳಲಿಲ್ಲ. ಅವರು ಡ್ರೈವರನನ್ನು ಕಾಟಾದ ಅಂಚಿಗೆ ಎಳೆದು ತಂದಿದ್ದರು. ಇಬ್ಬರು ಬೆನ್ನ ಮೇಲೆ ಮೊಣಕಾಲು ಊರಿ ಕೂತಿದ್ದರು, ಒಬ್ಬ ಅವನ ಎಡಗೈಯನ್ನು ಚಾಚಿಸಿ ಕಬ್ಬಿಣದ ಹಾಸಿನ ಮೇಲೆ ಒತ್ತಿ ಹಿಡಿದಿದ್ದ. ಕರಿದಾರ ಕಟ್ಟಿದ್ದ ಕೈ. ಮೇಸ್ತ್ರಿ ಚೀಲಕ್ಕೆ ಚುಚ್ಚುವ ಆ ಕಬ್ಬಿಣದ ಕೊಳವೆಯನ್ನು ಎರಡೂ ಕೈಯಲ್ಲಿ ಎತ್ತಿದ್ದ. ನಾನು ಓಡುತ್ತಿದ್ದೆ. ಅವನು ಇಳಿಸಿದ. ಮತ್ತೆ ಎತ್ತಿ ಇಳಿಸಿದ. ಮೊದಲನೆಯದಕ್ಕೆ ಡ್ರೈವರ್ ಕಿರುಚಿದ, ಆಮೇಲಿನದಕ್ಕೆ ಕಿರುಚಲೂ ಇಲ್ಲ. ಬೆರಳುಗಳು ಬೇರೆ ಬೇರೆ ದಿಕ್ಕಿಗೆ ತಿರುಗಿಕೊಂಡಿದ್ದವು, ಒಂದರಿಂದ ಬಿಳಿ ಎಲುಬು ಕಾಣುತ್ತಿತ್ತು.

ನಾನು ಮೇಸ್ತ್ರಿಯನ್ನು ಬಿಟ್ಟು ಅಪ್ಪನ ಕೊರಳಪಟ್ಟಿಗೆ ಕೈ ಹಾಕಿದೆ. ಹೆಣ್ಣುಮಗಳು, ಆಳುಗಳೆಲ್ಲರ ಎದುರಿಗೆ. ಅವನು ಕಪಾಳಕ್ಕೆ ಹೊಡೆದ, ನಾನು ಬಿಡಲಿಲ್ಲ. ಮತ್ತೆ ಹೊಡೆದ, ನನ್ನ ತುಟಿ ಒಡೆಯಿತು, ಆಗಲೂ ಬಿಡಲಿಲ್ಲ. ಹಾಗೇ ಎಳೆದುಕೊಂಡು ಹೋಗಿ ಸೀಳಿದ ಬೀರಿನ ಮುಂದೆ ನಿಲ್ಲಿಸಿ, ಅವನ ತಲೆ ಹಿಡಿದು ಒಳಗೆ ತೂರಿಸಿದೆ.

"ಓದು. ಏನೈತೆ ಓದು."

ಅಪ್ಪ ಓದಲಿಲ್ಲ. ಆದರೆ ನೋಡಿದ. ಬಹಳ ಹೊತ್ತು ನೋಡಿದ. ಅವನ ಕತ್ತಿನ ನರ ಎದ್ದು ಕಾಣುತ್ತಿತ್ತು, ನನ್ನ ಅಂಗೈಯ ರಕ್ತ ಅವನ ವಿಭೂತಿಗೆ ಮೆತ್ತಿಕೊಂಡಿತ್ತು. ಹೊರಗೆ ಬಂದು ಲಾರಿಯನ್ನು ನೋಡಿದ, ಮತ್ತೆ ಒಳಗೆ ಹೋಗಿ ಅಂಕಿ ನೋಡಿದ. ಹಮಾಲರು ಬಾಗಿಲಲ್ಲಿ ಗುಂಪುಗೂಡಿದರು. ಓದಲು ಬರುವವನು ಬಾರದವರಿಗೆ ಹೇಳಿದ. ಮೇಸ್ತ್ರಿ ಕೊಳವೆಯನ್ನು ಲುಂಗಿಗೆ ಒರೆಸಿದ, ಒರೆಸಿದ್ದು ಗೊತ್ತಾಗಿ ಕೆಳಗೆ ಹಾಕಿದ. ಯಾರೂ ಡ್ರೈವರನ ಕಡೆ ನೋಡಲಿಲ್ಲ. ಎಂಥ ಗಂಡಸರು ಇವರು ಎಂದು ನನಗೆ ಹೇಸಿಗೆಯಾಯಿತು. ನಾನೇ ಹೋಗಿ ಅವನನ್ನು ಎತ್ತಿ ಲಾರಿಯ ಚಕ್ರಕ್ಕೆ ಒರಗಿಸಿ ಕೂರಿಸಿದೆ, ನನ್ನ ವೇಲು ಹರಿದು ಕೈಗೆ ಸುತ್ತಿದೆ. ಸುತ್ತುವಾಗ ಕರಿದಾರ ಮಾಂಸದೊಳಗೆ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸಲು ನನ್ನಿಂದ ಆಗಲಿಲ್ಲ.

ಅಷ್ಟರಲ್ಲಿ ಅಪ್ಪ ಆಫೀಸಿಗೆ ಹೋಗಿದ್ದ. ಹೊದಿಸುವ ಕಂಬಳಿ ಹರಿದ ಸದ್ದು ಕೇಳಿಸಿತು. ಕಂಪ್ಯೂಟರನ್ನು ಗದ್ದಿಗೆಯ ಕಂಬಳಿ ಸಮೇತ ತಬ್ಬಿಕೊಂಡು ಹೊರಗೆ ಬಂದ, ಒಂಬತ್ತು ಸೂಜಿಯ ಕಿಂಡಿಗೆ ಸಿಕ್ಕಿಸಿದ್ದ ಕೇಬಲ್ ಬಾಲದ ಹಾಗೆ ಹಿಂದೆ ಎಳೆದುಕೊಂಡು ಬರುತ್ತಿತ್ತು. ಎಳೆದು ಎಳೆದು ಬಿಗಿಯಾಗಿ, ಕೊನೆಗೆ ಕಿತ್ತುಕೊಂಡು ನೆಲಕ್ಕೆ ಬಿತ್ತು. ಕಂಪ್ಯೂಟರನ್ನು ತಂದು ಧೂಳಿನಲ್ಲಿ, ಡ್ರೈವರನ ಮುಂದೆ ಇಟ್ಟ. ಯಂತ್ರದ ಮೇಲೆ ಎಂದೂ ಕೈ ಎತ್ತದ ಅಪ್ಪ ಬಿದ್ದಿದ್ದ ಕೊಳವೆಯನ್ನು ಎತ್ತಿಕೊಂಡು ಬಂದ. ಹಮಾಲರ ಮುಖ ಅರಳಿತು. ಅಬ್ಬ, ಈಗ ಕಳ್ಳ ಸಿಕ್ಕಿದನಲ್ಲ ಎಂಬಂತೆ ಅವರು ಸುತ್ತ ನಿಂತರು, ಒಬ್ಬ ಆಗಲೇ ಕಂಪ್ಯೂಟರನ್ನು ಕಾಲಿನಿಂದ ತಿವಿದು ನೋಡಿದ.

ಅಪ್ಪ ಬಗ್ಗಿ ಕೊಳವೆಯನ್ನು ಡ್ರೈವರನ ಮಡಿಲಿನಲ್ಲಿ ಇಟ್ಟ. ಅವನ ದನಿ ಒಡೆದಿತ್ತು, ಅದನ್ನು ನಾನು ಮೊದಲ ಸಲ ಕೇಳಿದ್ದು.

"ಹೊಡಿ. ಇದೇ ಸುಳ್ಳು ಹೇಳಿದ್ದು. ನನ್ನ ಎದುರಿಗೆ ಪುಡಿ ಮಾಡು."

ಡ್ರೈವರ್ ಅಭ್ಯಾಸಬಲದಿಂದ ಎಡಗೈ ಚಾಚಿದ. ವೇಲಿನೊಳಗೆ ಬೆರಳು ಮಡಚಲಿಲ್ಲ. ಕೊಳವೆ ಮಡಿಲಿನಿಂದ ಜಾರಿ ಕಬ್ಬಿಣದ ಹಾಸಿನ ಮೇಲೆ ಠಣ್ ಎಂದು ಬಿತ್ತು. ಅವನು ಕೈಯನ್ನು ನೋಡಿಕೊಂಡ. ಕಂಬಳಿಯ ಮೇಲೆ ಕೂತಿದ್ದ ಕಂಪ್ಯೂಟರನ್ನು ನೋಡಿದ. ಆಮೇಲೆ ತಲೆ ಎತ್ತಿ ಅಪ್ಪನನ್ನು, ಮೇಸ್ತ್ರಿಯನ್ನು, ಸುತ್ತ ನಿಂತಿದ್ದ ಒಬ್ಬೊಬ್ಬರನ್ನೂ ನೋಡಿದ.

"ಅದು ನನ್ನ ಮೈ ಮುಟ್ಟಿಲ್ಲ ದೊರಾ."

ಆಸ್ಪತ್ರೆಗೆ ಬೇಗ ಕರೆದುಕೊಂಡು ಹೋಗಬೇಕಿತ್ತು, ಅಪ್ಪನ ಜೀಪು ಒಳಗಿತ್ತು, ಮಿಲ್ಲಿನ ಗೇಟಿಗೆ ಅಡ್ಡವಾಗಿ ಅವನ ಲಾರಿ ಕಾಟಾದ ಮೇಲೆ ನಿಂತಿತ್ತು. ಯಾರಾದರೂ ತೆಗೀರೋ ಎಂದೆ. ಅದನ್ನು ಓಡಿಸಲು ಬರುತ್ತಿದ್ದವನು ಆ ಅಂಗಳದಲ್ಲಿ ಅವನೊಬ್ಬನೇ.